ಕತ್ತಿವರಸೆ: ಗ್ರಂಥದಲ್ಲಿ ಉಳಿದುದು, ಮೈಯಲ್ಲಿ ಉಳಿದುದು



ಖಡ್ಗವನ್ನು ಸ್ತುತಿಸುವುದರಲ್ಲಿ ನಮ್ಮ ನಾಡು ಎಂದೂ ಹಿಂದೆಗೆದುದಿಲ್ಲ. ಖಡ್ಗವಿದ್ಯೆಯನ್ನು ವಿಚಾರಿಸುವುದರಲ್ಲಿ ಮಾತ್ರ ಬಹಳ ಹಿಂದುಳಿದಿದ್ದೇವೆ. ಕಿತ್ತೂರಿನ ಹೆಸರನ್ನೆತ್ತಿದೊಡನೆ, ಬೆಳವಡಿಯ ಮಲ್ಲಮ್ಮನ ಕಥೆಗೆ ತೊಡಗಿದೊಡನೆ, ಸಂಗೊಳ್ಳಿಯ ರಾಯಣ್ಣನ ಲಾವಣಿಯ ಮೊದಲ ಸೊಲ್ಲು ಕಿವಿಗೆ ಬಿದ್ದೊಡನೆ ಎದೆಯುಬ್ಬಿಸುವ ನಾವು, ಆ ವೀರರ ಕಾಲದ ಅಲಗು ಎಷ್ಟು ತೂಕದ್ದಾಗಿತ್ತು, ಅದರ ಹಿಡಿಯಲ್ಲಿ ಬೆರಳುಗಳು ಹೇಗೆ ಕೂಡುತ್ತಿದ್ದುವು, ಹೊಡೆತದೊಡನೆ ಮುಂದೆ ಬರುತ್ತಿದ್ದ ಕಾಲು ಎಡದೋ ಬಲದೋ, ಎದುರಾಳಿಯ ಪೆಟ್ಟು ಗುರಾಣಿಗೆ ಬೀಳುತ್ತಿತ್ತೋ ಅಲಗಿಗೋ ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ತಡವರಿಸುತ್ತೇವೆ. ಇವು ಕೇವಲ ಕುತೂಹಲದ ಪ್ರಶ್ನೆಗಳೆಂದು ತಳ್ಳಿಹಾಕತಕ್ಕವಲ್ಲ. ನೂರಾರು ವರ್ಷಗಳ ಕಾಲ ಈ ಸೀಮೆಯ ಸಾವಿರಾರು ಮನೆತನಗಳು ಯಾವ ವಿದ್ಯೆಯನ್ನು ನಂಬಿ ಭೂಮಿಯನ್ನು ಪಡೆದುವೋ, ಉಂಡುವೋ, ಸತ್ತುವೋ ಆ ವಿದ್ಯೆಯ ಸ್ವರೂಪವನ್ನು ಅರಿಯದೆ ಅವರ ಶೌರ್ಯವನ್ನು ಕೊಂಡಾಡುವುದು ಕಾವ್ಯವನ್ನು ಓದದೆ ಕವಿಯ ಜಯಂತಿಯನ್ನು ಆಚರಿಸಿದಂತಾಗುವುದು.

ಈ ವಿಚಾರಕ್ಕೆ ಒಂದು ಹೋಲಿಕೆ ಬೇಕು. ಯುರೋಪ್ ಖಂಡದ ಮಧ್ಯಯುಗದ ಖಡ್ಗವಿದ್ಯೆಯ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುವುದು ಪರದೇಶದ ವೈಭವವನ್ನು ವರ್ಣಿಸುವುದಕ್ಕಾಗಿ ಅಲ್ಲ. ಆ ನಾಡಿನವರು ತಮ್ಮ ವಿದ್ಯೆಯನ್ನು ಪೂರ್ಣವಾಗಿ ಕಳೆದುಕೊಂಡು, ಬರಿಯ ಹೊತ್ತಗೆಗಳ ಆಧಾರದಿಂದ ಅದನ್ನು ಮರಳಿ ಮೈಗೂಡಿಸಿಕೊಳ್ಳಲು ಹೆಣಗುತ್ತಿರುವವರು. ನಾವಾದರೋ ಹೊತ್ತಗೆಯನ್ನು ಬರೆಯದೆ ಮೈಯಲ್ಲಿ ಮಾತ್ರ ವಿದ್ಯೆಯನ್ನು ಇರಿಸಿಕೊಂಡು, ಆ ಮೈಗಳು ಒಂದೊಂದಾಗಿ ಮಣ್ಣಿಗೆ ಸೇರುವುದನ್ನು ನೋಡುತ್ತಿರುವವರು. ಅವರಿಗೆ ಇಲ್ಲದುದು ನಮ್ಮಲ್ಲಿ ಅಷ್ಟಿಷ್ಟು ಉಂಟು; ನಮಗೆ ಇಲ್ಲದುದು ಅವರಲ್ಲಿ ಹೇರಳವಾಗಿ ಉಂಟು. ನನ್ನ ಉಪನ್ಯಾಸದ ತಾತ್ಪರ್ಯವೆಲ್ಲ ಇಷ್ಟೆ.

ಮೊದಲು ಆ ಹೊತ್ತಗೆಗಳನ್ನು ನೋಡೋಣ. ಯುರೋಪಿನ ಖಡ್ಗವಿದ್ಯೆಯನ್ನು ಚಿತ್ರಸಮೇತವಾಗಿ ಬೋಧಿಸುವ, ಈಗ ಉಳಿದಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು 14ನೆಯ ಶತಮಾನದ ಆರಂಭಕಾಲದ್ದು. ಜರ್ಮನಿಯಲ್ಲಿ ಹುಟ್ಟಿ, ಬಹುಕಾಲ ಲಂಡನ್ನಿನ ಗೋಪುರದುರ್ಗದ ಶಸ್ತ್ರಾಗಾರಕ್ಕೆ ಸೇರಿದ್ದು, ಈಗ ಲೀಡ್ಸ್ ನಗರದ ಶಸ್ತ್ರಸಂಗ್ರಹದಲ್ಲಿದೆ. ಅದರ ಭಾಷೆ ಲ್ಯಾಟಿನ್. ನಡುನಡುವೆ ಜರ್ಮನ್ ಪಾರಿಭಾಷಿಕಗಳು. ಗುರುವಿನ ಸ್ಥಾನದಲ್ಲಿ ನಿಂತಿರುವವನು ಒಬ್ಬ ಕ್ರೈಸ್ತ ಪುರೋಹಿತ, ಎದುರಿಗಿರುವವನು ಅವನ ಶಿಷ್ಯ. ಇಬ್ಬರ ಬಲಗೈಯಲ್ಲಿಯೂ ಒಂದು ಕೈಯ ಕತ್ತಿ, ಎಡಗೈಯಲ್ಲಿ ಚಿಕ್ಕದಾದ ಗುಂಡು ಗುರಾಣಿ. ಗ್ರಂಥಕಾರನು ಏಳು ನಿಲವುಗಳನ್ನು ಹೇಳಿ, ಒಂದೊಂದು ನಿಲವಿಗೂ ಎದುರು ನಿಲವನ್ನು ಸೂಚಿಸಿ, ಅಲಗಿಗೆ ಅಲಗು ತಗುಲಿದ ಮೇಲೆ ಮುಂದೇನು ಎಂಬುದನ್ನು ಚಿತ್ರದಿಂದ ಚಿತ್ರಕ್ಕೆ ನಡೆಸುತ್ತಾನೆ. ಚಿತ್ರಗಳನ್ನು ಅವಧಾನದಿಂದ ನೋಡಿದವರಿಗೆ ಒಂದು ಸಂಗತಿ ಕಾಣದೆ ಇರದು: ಗುರಾಣಿಯು ಮೈಯನ್ನು ಮರೆಮಾಡಲು ಇದ್ದುದಲ್ಲ, ಕತ್ತಿ ಹಿಡಿದ ಕೈಯನ್ನು ಕಾಯಲು ಇದ್ದುದು; ಹೊಡೆಯಲು ಮುಂದೆ ಚಾಚಿದ ಮುಷ್ಟಿಯೊಡನೆ ಅದೂ ಮುಂದೆ ಚಾಚುತ್ತದೆ, ಎರಡು ಕೈಗಳೂ ಒಂದೇ ಕೈಯಂತೆ ಸಂಚರಿಸುತ್ತವೆ. ಕೊನೆಯ ಪುಟಗಳಲ್ಲಿ ಶಿಷ್ಯನ ಸ್ಥಾನದಲ್ಲಿ ಒಬ್ಬ ಸ್ತ್ರೀ ಕಾಣಿಸಿಕೊಳ್ಳುತ್ತಾಳೆ. ವಾಲ್‌ಪುರ್ಗಿಸ್ ಎಂದು ಅವಳ ಹೆಸರನ್ನೂ ಬರೆದಿದೆ. ಬೆಳವಡಿಯ ನಾಡಿನವರಾದ ನಮಗೆ ಇದು ಆಶ್ಚರ್ಯವಾಗಬೇಕಾಗಿಲ್ಲ. ಆದರೂ ಸ್ತ್ರೀಯರ ಕೈಗೆ ಕತ್ತಿ ಕೊಡುವುದು ಕೇವಲ ಲಾವಣಿಕಾರರ ಕಲ್ಪನೆಯೆಂದು ನಗುವವರಿಗೆ ಆ ಪುಟವನ್ನು ತೋರಿಸಬಹುದು.

ಅದೇ ಶತಮಾನದ ಯೋಹಾನ್ನೆಸ್ ಲೀಖ್ತೆನಾವರ್ ಎಂಬ ಜರ್ಮನ್ ಆಚಾರ್ಯನ ಜೀವನಚರಿತ್ರೆ ಏನೇನೂ ತಿಳಿಯದು. ಅವನದೆಂದು ಪರಂಪರೆಯು ಹೇಳುವ ಪದ್ಯಗಳು ಮಾತ್ರ ಉಳಿದಿವೆ. ಅನ್ಯರಿಗೆ ಅರ್ಥವಾಗದಂತೆ ಬೇಕೆಂದೇ ಗೂಢವಾಗಿ ಕಟ್ಟಿದ ಪದ್ಯಗಳವು. ಸೂತ್ರಕ್ಕೆ ವೃತ್ತಿಯನ್ನೂ ವೃತ್ತಿಗೆ ಟೀಕೆಯನ್ನೂ ಬರೆಯುವ ಪದ್ಧತಿಯಲ್ಲಿ ಬೆಳೆದ ನಮಗೆ ಇದರ ಮರ್ಮ ಬಹುಬೇಗ ಹೊಳೆಯುತ್ತದೆ. ಮೂಲಪದ್ಯವು ಕಲಿತವನ ಸ್ಮರಣೆಗಾಗಿ. ಕಲಿಯದವನಿಗೆ ಅದು ಬೀಗ. ಬೀಗದ ಕೈಯನ್ನು ನೀಡಿದವರು 15ನೆಯ ಶತಮಾನದ ವ್ಯಾಖ್ಯಾನಕಾರರು. ಎರಡು ಕೈಗಳಿಂದ ಹಿಡಿಯುವ ನೀಳಗತ್ತಿಗೆ ಈ ಪರಂಪರೆಯು ನಾಲ್ಕು ಮುಖ್ಯ ನಿಲವುಗಳನ್ನು ಹೇಳುತ್ತದೆ. ಹಿಡಿಯನ್ನು ತಲೆಯ ಪಕ್ಕಕ್ಕೆ ಎತ್ತಿ ಮೊನೆಯನ್ನು ಎದುರಾಳಿಯ ಮುಖಕ್ಕೆ ಕೊಂಬಿನಂತೆ ತಿರುಗಿಸಿದುದು ಎತ್ತಿನ ನಿಲವು. ಹಿಡಿಯನ್ನು ಸೊಂಟದ ಬಳಿಗೆ ತಂದು ಮೊನೆಯನ್ನು ಮೇಲಕ್ಕೆ ಚಾಚಿದುದು ನೇಗಿಲಿನ ನಿಲವು. ಮೊನೆಯನ್ನು ನೆಲಕ್ಕೆ ಇಳಿಬಿಟ್ಟು ಎದುರಾಳಿಗೆ ಆಸೆ ತೋರಿಸುವುದು ಮರುಳನ ನಿಲವು. ಕತ್ತಿಯನ್ನು ಹೆಗಲ ಮೇಲೆ ಇಲ್ಲವೆ ನೆತ್ತಿಯ ಮೇಲೆ ಎತ್ತಿ ಹಿಡಿದುದು ನಾಲ್ಕನೆಯದು. ರಾಜರ ವಿದ್ಯೆಯೆಂದು ನಾವು ತಿಳಿದುದರ ಪರಿಭಾಷೆಯೊಳಗೆ ಎತ್ತೂ ನೇಗಿಲೂ ಬಂದಿರುವುದನ್ನು ನಮ್ಮ ಒಕ್ಕಲಿಗ ಬಂಧುಗಳು ಗಮನಿಸಬೇಕು.

ಆದರೆ ನಿಲವುಗಳ ಪಟ್ಟಿಯು ವಿದ್ಯೆಯ ಹೊರಕವಚ ಮಾತ್ರ. ಒಳತಿರುಳು ಬೇರೆಡೆ ಇದೆ. ಮೊದಲು ಕೈಯೆತ್ತಿ ಎದುರಾಳಿಯನ್ನು ಉತ್ತರ ಕೊಡುವ ಸಂಕಟಕ್ಕೆ ಸಿಲುಕಿಸಿದವನಿಗೆ ಒಂದು ಬಗೆಯ ಪ್ರಭುತ್ವ. ಉತ್ತರ ಕೊಡುತ್ತಲೇ ಆ ಪ್ರಭುತ್ವವನ್ನು ಕಿತ್ತುಕೊಳ್ಳುವುದು ಇನ್ನೊಂದು ಬಗೆಯ ಜಾಣ್ಮೆ. ಎರಡು ಅಲಗುಗಳು ತಗುಲಿ ನಿಂತಾಗ ಹಿಡಿಯ ಸಮೀಪದ ಭಾಗವು ಬಲವುಳ್ಳದ್ದು, ಮೊನೆಯ ಸಮೀಪದ ಭಾಗವು ಬಲಹೀನವಾದುದು. ತನ್ನ ಬಲವುಳ್ಳ ಭಾಗದಿಂದ ಪರನ ಬಲಹೀನ ಭಾಗವನ್ನು ಆಳತಕ್ಕದ್ದು. ಅವನು ಒತ್ತುತ್ತಿರುವನೋ ಸಡಿಲಿಸಿರುವನೋ ಎಂಬುದನ್ನು ಅರಿಯಲು ಕಣ್ಣು ಸಾಲದು, ಹೊತ್ತೂ ಇರದು. ಉಕ್ಕಿನ ಮೂಲಕ ಅಂಗೈಯೇ ಅದನ್ನು ಅರಿಯಬೇಕು. ಒತ್ತಿದವನಿಗೆ ಸಡಿಲಿಸು, ಸಡಿಲಿಸಿದವನನ್ನು ಒತ್ತು. ಈ ತತ್ತ್ವವನ್ನು ಓದುವಾಗ ನಮ್ಮ ಗರಡಿಮನೆಯ ವಸ್ತಾದರು ಕುಸ್ತಿಯ ಪಟ್ಟುಗಳನ್ನು ಕಲಿಸುವ ಮಾತು ನೆನಪಿಗೆ ಬಾರದೆ ಇರದು. 1599ರಲ್ಲಿ ಗ್ರಂಥ ಬರೆದ ಜಾರ್ಜ್ ಸಿಲ್ವರ್ ಎಂಬ ಇಂಗ್ಲಿಷ್ ಗೃಹಸ್ಥನು ಇಟಲಿಯ ನೀಳಮೊನೆಯ ಹೊಸ ಕತ್ತಿಯ ಶೋಕಿಯನ್ನು ಬಾಯಿತುಂಬ ಬಯ್ದು, ಕೈ ಮೊದಲು ಹೊರಡಬೇಕು, ಕಾಲು ಅದನ್ನು ಹಿಂಬಾಲಿಸಬೇಕು, ಏಕೆಂದರೆ ಕೈಯ ವೇಗವು ಕಾಲಿಗೆ ಇಲ್ಲ ಎಂದು ವಾದಿಸಿದನು. ಬಯ್ಗುಳವು ಹಳತಾಗಿದೆ, ವಾದವು ಹಳತಾಗಿಲ್ಲ.

ಇಟಲಿಯ ಫಿಯೋರೆ ದೇಯ್ ಲಿಬೇರಿ ಎಂಬ ಆಚಾರ್ಯನು 1410ರ ಸುಮಾರಿಗೆ ರಚಿಸಿದ ಗ್ರಂಥದ ಒಂದು ಪುಟವನ್ನು ಮಾತ್ರ ಇಲ್ಲಿ ಬಿಚ್ಚಿ ತೋರಿಸಿ ಮುಂದೆ ಸಾಗುವೆನು. ಪುಟದ ನಡುವೆ ಒಬ್ಬ ಮನುಷ್ಯನು ನೆಟ್ಟಗೆ ನಿಂತಿದ್ದಾನೆ. ಏಳು ಕತ್ತಿಗಳು ಅವನ ಮೈಯ ಕಡೆಗೆ ಏಳು ಹೊಡೆತಗಳ ದಾರಿಯನ್ನು ತೋರಿಸುತ್ತವೆ. ಸುತ್ತಲೂ ನಾಲ್ಕು ಮೃಗಗಳು. ತಲೆಯ ಬಳಿ ಲಿಂಕ್ಸ್ ಎಂಬ ಕಾಡುಬೆಕ್ಕು, ಕೈವಾರವನ್ನು ಹಿಡಿದು ವಿವೇಕವನ್ನು ಸೂಚಿಸುತ್ತದೆ. ಒಂದು ಪಕ್ಕದಲ್ಲಿ ಹುಲಿ, ಅದರ ಬಳಿ ಬಾಣ, ಅದು ವೇಗ. ಇನ್ನೊಂದು ಪಕ್ಕದಲ್ಲಿ ಹೃದಯವನ್ನು ಹಿಡಿದ ಸಿಂಹ, ಅದು ಧೈರ್ಯ. ಕಾಲ ಕೆಳಗೆ ಬೆನ್ನ ಮೇಲೆ ಗೋಪುರವನ್ನು ಹೊತ್ತ ಆನೆ, ಅದು ಸ್ಥೈರ್ಯ. ಆನೆಯ ನಾಡಿನವರಾದ ನಮ್ಮ ಯಾವ ಶಸ್ತ್ರಗ್ರಂಥವೂ ನಿಲವಿನ ಭದ್ರತೆಗೆ ಇಷ್ಟು ಸ್ಪಷ್ಟವಾದ ಚಿತ್ರವನ್ನು ಕೊಟ್ಟುದನ್ನು ನಾನು ಕಂಡಿಲ್ಲ.

ಇನ್ನೊಂದು ಭ್ರಮೆಯನ್ನು ಇಲ್ಲಿಯೇ ನಿವಾರಿಸುವುದು ಲೇಸು. ಹಳೆಯ ಕಾಲದ ಕತ್ತಿಗಳು ಎತ್ತಲಾರದಷ್ಟು ಭಾರವಾಗಿದ್ದುವೆಂದೂ, ಅವನ್ನು ಬೀಸಿದವರು ದೈತ್ಯರೆಂದೂ ಅಲ್ಲಿಯೂ ಇಲ್ಲಿಯೂ ಜನರು ಹೇಳುತ್ತ ಬಂದಿದ್ದಾರೆ. ತಕ್ಕಡಿ ಬೇರೆ ಮಾತನ್ನಾಡುತ್ತದೆ. ಒಂದು ಕೈಯ ಯುದ್ಧದ ಕತ್ತಿಯ ತೂಕ ಒಂದು ಕಿಲೋಗ್ರಾಮಿನ ಆಚೀಚೆ; ಎರಡು ಕೈಯ ನೀಳಗತ್ತಿಯೂ ಸಾಮಾನ್ಯವಾಗಿ ಒಂದೂವರೆ ಕಿಲೋಗ್ರಾಮಿನ ಸುತ್ತಮುತ್ತ. ನಮ್ಮ ತಲವಾರಿನ ತೂಕವೂ ಹೆಚ್ಚೇನಲ್ಲ. ವೃತ್ತದಲ್ಲಿ ನಿಲ್ಲಿಸುವ ಪ್ರತಿಮೆಗಳ ಕೈಗೆ ತೊಲೆಯಷ್ಟು ದಪ್ಪನಾದ ಕತ್ತಿ ಕೊಡುವ ಶಿಲ್ಪಿಗಳು ವೀರರಿಗೆ ಗೌರವ ತೋರಿದೆವೆಂದು ತಿಳಿಯುತ್ತಾರೆ; ಆ ಕತ್ತಿಯನ್ನು ಹಿಡಿದವನು ಮೊದಲನೆಯ ಪೆಟ್ಟಿನಲ್ಲಿಯೇ ಸತ್ತಿರುತ್ತಿದ್ದನು.

ಈಗ ನಮ್ಮ ಗ್ರಂಥಗಳ ಕಡೆಗೆ ತಿರುಗೋಣ. ಅಗ್ನಿಪುರಾಣದ ಧನುರ್ವೇದಭಾಗವು ಖಡ್ಗ ಮತ್ತು ಗುರಾಣಿಯ 32 ಗತಿಗಳನ್ನು ಹೆಸರಿಸುತ್ತದೆ: ಭ್ರಾಂತ, ಉದ್ಭ್ರಾಂತ, ಆವಿದ್ಧ, ಆಪ್ಲುತ, ವಿಪ್ಲುತ, ಡೇಗೆಯ ಎರಗುವಿಕೆಯಂತಹ ಶ್ಯೇನಪಾತ ಮುಂತಾಗಿ. ಹೆಸರುಗಳೇನೋ ರಮಣೀಯ, ಆದರೆ ಶ್ಯೇನಪಾತದಲ್ಲಿ ಮೊಣಕೈ ಎಲ್ಲಿರಬೇಕೆಂಬುದನ್ನು ಪುರಾಣವು ಹೇಳುವುದಿಲ್ಲ, ಚಿತ್ರವಂತೂ ಇಲ್ಲವೇ ಇಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು, ಫಿಯೋರೆಯ ಗ್ರಂಥಕ್ಕಿಂತ ಇನ್ನೂರೆಂಬತ್ತು ವರ್ಷ ಹಿರಿದಾದುದು, ಕನ್ನಡ ನಾಡಿನ ನೆಲದ ಮೇಲೆ ಹುಟ್ಟಿದ ಸಂಸ್ಕೃತ ವಿಶ್ವಕೋಶ. ಅದರ ವಿನೋದವಿಂಶತಿಯಲ್ಲಿ ಶಸ್ತ್ರವಿನೋದವುಂಟು, ದ್ವಂದ್ವಕ್ಕಿಳಿಯುವ ಅಂಕರ ಅಂಕವಿನೋದವುಂಟು, ಮಲ್ಲರ ಆಹಾರವ್ಯಾಯಾಮಗಳನ್ನು ವಿವರಿಸುವ ಮಲ್ಲವಿನೋದವುಂಟು. ಈ ಮಹಾಗ್ರಂಥದ ಬೆಲೆಯನ್ನು ನಾನು ಕುಗ್ಗಿಸಲಾರೆ. ಆದರೂ ಒಂದು ಮಾತನ್ನು ಹೇಳಲೇಬೇಕು: ಇದು ಸಿಂಹಾಸನದ ಮೇಲೆ ಕುಳಿತು ನೋಡುವವನ ಗ್ರಂಥ. ಅಂಕವಿನೋದವು ಕೋಳಿಕಾಳಗದ, ಟಗರುಕಾಳಗದ ಪಂಕ್ತಿಯಲ್ಲಿಯೇ ಬಂದಿರುವುದು ಸುಮ್ಮನೆ ಅಲ್ಲ. ಅರಸನಿಗೆ ಬೇಕಾದುದು ಕಾಳಗದ ಸೊಗಸು, ಅದರ ಏರ್ಪಾಟು, ಗೆದ್ದವನಿಗೆ ಕೊಡತಕ್ಕ ಉಡುಗೊರೆ. ಕಣದೊಳಗೆ ನಿಂತವನಿಗೆ ಬೇಕಾದ ಹೆಜ್ಜೆಯ ಲೆಕ್ಕ ಅಲ್ಲಿ ಬಹಳ ಕಡಮೆ.

ವಿಜಯನಗರಕ್ಕೆ ಬಂದ ಪೋರ್ಚುಗೀಸರು ದ್ವಂದ್ವಯುದ್ಧವನ್ನು ಕಂಡು ಬರೆದರು. ದ್ವಂದ್ವಕ್ಕೆ ಇಳಿಯುವವರು ಮಂತ್ರಿಯ ಅಪ್ಪಣೆಯನ್ನು ಬೇಡಬೇಕೆಂದೂ, ಸತ್ತವನ ಸ್ವತ್ತು ಉಳಿದವನಿಗೆ ಸಲ್ಲುತ್ತಿತ್ತೆಂದೂ ಅವರಲ್ಲೊಬ್ಬನಾದ ನೂನಿಜನು ಹೇಳುತ್ತಾನೆ. ಅವನಿಗೆ ಇದು ವಿಚಿತ್ರವಾಗಿ ತೋರಿತೇನೋ. ಆದರೆ ಅದಕ್ಕೆ ಮುನ್ನಿನ ಶತಮಾನದಲ್ಲಿಯೇ ಜರ್ಮನಿಯ ಹಾನ್ಸ್ ಟಾಲ್‌ಹೋಫರನು ನ್ಯಾಯನಿರ್ಣಯದ ದ್ವಂದ್ವಗಳಿಗೆ ಕಕ್ಷಿಗಳನ್ನು ಸಿದ್ಧಪಡಿಸುವ ವಿಧಾನವನ್ನು ಚಿತ್ರಿಸಿದ ಗ್ರಂಥಗಳನ್ನು ಮಾಡಿಸಿದ್ದನು. ಎರಡು ಖಂಡಗಳಲ್ಲಿಯೂ ಪ್ರಭುತ್ವವು ಖಡ್ಗವನ್ನು ತನ್ನ ಅಪ್ಪಣೆಯ ಕಟ್ಟಿಗೆ ತರಲು ಯತ್ನಿಸಿತು. ಅಲ್ಲಿ ಶಿಕ್ಷಕನು ಲೇಖನಿಯನ್ನು ಹಿಡಿದನು. ಇಲ್ಲಿ ಬರೆದವನು ಅತಿಥಿ. ವ್ಯತ್ಯಾಸವೆಲ್ಲ ಇಲ್ಲಿಯೇ ಇದೆ.

ನಮ್ಮ ಊರೂರಿನ ವೀರಗಲ್ಲುಗಳು ಇದ್ದಾವಲ್ಲ ಎಂದು ನೀವು ಕೇಳಬಹುದು. ಇವೆ; ಕೆಳಗಿನ ಅಂಕಣದಲ್ಲಿ ಕಾಳಗ, ಅದರ ಮೇಲೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲ್ತುದಿಯಲ್ಲಿ ಲಿಂಗಪೂಜೆ. ಕೆಳಗಿನ ಅಂಕಣದಿಂದ ಕತ್ತಿಯ ಆಕಾರವನ್ನೂ ಗುರಾಣಿಯ ಅಳತೆಯನ್ನೂ ಉಡುಪನ್ನೂ ತಿಳಿಯಬಹುದು. ವರಸೆಯನ್ನು ತಿಳಿಯಲು ಹೊರಟವರು ಎಚ್ಚರದಿಂದಿರಬೇಕು, ಏಕೆಂದರೆ ಕಲ್ಲುಕುಟಿಗನು ಹಿಂದಿನ ಕಲ್ಲನ್ನು ನೋಡಿ ಮುಂದಿನ ಕಲ್ಲನ್ನು ಕಂಡರಿಸಿರಬಹುದು.

ಈ ಎರಡು ಪರಂಪರೆಗಳು ಒಂದನ್ನೊಂದು ಮುಟ್ಟದೆ ದೂರ ದೂರ ಬೆಳೆದುವೆಂದು ಭಾವಿಸಕೂಡದು. 1510ರಲ್ಲಿ ಗೋವೆಯು ಬಿಜಾಪುರದವರ ಕೈತಪ್ಪಿ ಪೋರ್ಚುಗೀಸರಿಗೆ ಸೇರಿದ ಮೇಲೆ, ಯುರೋಪಿನಲ್ಲಿ ಬಡಿದ ಅಲಗುಗಳು ಹಡಗಿನಲ್ಲಿ ಬಂದು ಘಟ್ಟವನ್ನೇರಿ ದಖ್ಖನಿನ ಪೇಟೆಗಳಿಗೆ ಇಳಿದುವು. ಇಲ್ಲಿಯ ಕಮ್ಮಾರರು ಆ ನೇರವಾದ ಅಲಗಿಗೆ ತಮ್ಮದೇ ಹಿಡಿಯನ್ನು ಜೋಡಿಸಿದರು. ಬೆರಳುಗಳನ್ನು ಮುಚ್ಚುವ ಅಗಲವಾದ ಕವಚ, ಅಲಗಿನ ಬುಡಕ್ಕೆ ಎರಡು ಕಡೆಯಲ್ಲಿಯೂ ಬಲಪಡಿಸುವ ಪಟ್ಟಿ, ಹಿಡಿಯ ತುದಿಯಿಂದ ಹೊರಚಾಚಿದ ಒಂದು ಮೊಳೆ. ಎರಡು ಕೈಯಿಂದ ಹೊಡೆಯಬೇಕಾದಾಗ ಎಡಗೈ ಆ ಮೊಳೆಯನ್ನು ಹಿಡಿಯುತ್ತಿತ್ತು. ಇದೇ ಫಿರಂಗಿ ಕತ್ತಿ. ಇಲ್ಲಿಯೇ ಬಡಿದ ಅಲಗುಗಳ ಮೇಲೂ ಯುರೋಪಿನ ಮುದ್ರೆಗಳನ್ನು ಅನುಕರಿಸಿ ಕೆತ್ತಿದುದುಂಟು. ಪರದೇಶದ ಮುದ್ರೆಗೆ ಬೆಲೆ ಹೆಚ್ಚೆಂಬ ವ್ಯಾಪಾರ ಹೊಸದೇನೂ ಅಲ್ಲವಷ್ಟೆ.

ಪಟ್ಟಾ ಎಂಬ ಆಯುಧವನ್ನು ಇನ್ನೂ ಹತ್ತಿರದಿಂದ ನೋಡಬೇಕು. ಮೊಣಕೈಯ ಸಮೀಪದವರೆಗೆ ಮುಂಗೈಯನ್ನು ನುಂಗುವ ಉಕ್ಕಿನ ಕೈಗವಸು. ಅದರೊಳಗೆ ಅಡ್ಡಲಾಗಿ ಕೂಡಿಸಿದ ಒಂದು ಸರಳು, ಅದನ್ನು ಮುಷ್ಟಿಯಲ್ಲಿ ಹಿಡಿಯತಕ್ಕದ್ದು. ಕೈಗವಸಿನ ತುದಿಯಿಂದ ನೇರವಾಗಿ ಹೊರಟ ಎರಡು ಬಾಯಿಯ ನೀಳ ಅಲಗು. ಇದನ್ನು ತೊಟ್ಟವನ ಮಣಿಕಟ್ಟು ಕಟ್ಟಿಬಿದ್ದಂತೆಯೇ. ಜರ್ಮನ್ ಆಚಾರ್ಯನು ಹೇಳಿದ ಅಂಗೈಯ ಸೂಕ್ಷ್ಮ ಸ್ಪರ್ಶಕ್ಕೆ, ಅಲಗಿಗೆ ಅಲಗು ಹೆಣೆದು ತಿರುಚುವ ಚಾತುರ್ಯಕ್ಕೆ ಇಲ್ಲಿ ಎಡೆಯಿಲ್ಲ. ಹೊಡೆತವೆಲ್ಲ ಹೆಗಲಿನಿಂದ, ನಡುವಿನ ತಿರುವಿನಿಂದ, ಕಾಲಿನ ಸುತ್ತಿನಿಂದ ಹುಟ್ಟಬೇಕು. ಒಂದು ಬೀಸು ಮುಗಿದ ಎಡೆಯಿಂದಲೇ ಇನ್ನೊಂದು ಬೀಸು ತೊಡಗಬೇಕು, ನಡುವೆ ನಿಂತರೆ ಕೆಟ್ಟಂತೆ. ಆದುದರಿಂದಲೇ ಗಡಿಯಾಚೆಯ ಕೊಲ್ಹಾಪುರದ ತಾಲೀಮುಗಳಲ್ಲಿ ಇಂದಿಗೂ ನಡೆಯುವ ದಾಂಡಪಟ್ಟಾದ ಆಟದಲ್ಲಿ ಆಟಗಾರನು ಸುತ್ತುತ್ತಲೇ ಇರುತ್ತಾನೆ. ನೋಡುವವರು ಅದನ್ನು ಚಮತ್ಕಾರವೆನ್ನುತ್ತಾರೆ. ಅದು ಆಯುಧದ ರಚನೆಯೇ ವಿಧಿಸಿದ ನಿಯಮ. ಆಯುಧವನ್ನು ಅರಿಯದೆ ವರಸೆಯನ್ನು ಅರಿಯಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ವಿದ್ಯೆಯು ಹೇಗೆ ಹೋಯಿತು? ತುಪಾಕಿಯಿಂದ ಹೋಯಿತೆಂಬ ಉತ್ತರವು ಅರ್ಧಸತ್ಯ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆಯು ಬಿದ್ದುದು ಗುಂಡಿನಿಂದಲೇ ಹೊರತು ಕತ್ತಿಯಿಂದಲ್ಲ, ನಿಜ. ಆದರೆ ತುಪಾಕಿಯೊಡನೆ ಕತ್ತಿಯು ನೂರಾರು ವರ್ಷ ಬಾಳಿತ್ತು. ಕತ್ತಿಯ ಬುಡಕ್ಕೆ ಕೊಡಲಿ ಬಿದ್ದುದು ಭೂಮಿಯ ಕಡೆಯಿಂದ. ರಾಯಣ್ಣನು ಕಿತ್ತೂರಿನ ಶೇತಸನದಿ. ಆಯುಧ ಹಿಡಿದು ಸೇವೆ ಸಲ್ಲಿಸುವುದಕ್ಕಾಗಿ ಭೂಮಿಯನ್ನು ಉಣ್ಣುತ್ತಿದ್ದ ವರ್ಗದವನು. ಆ ಭೂಮಿಯ ಮೇಲೆ ಕಂಪನಿ ಸರಕಾರದ ಕೈ ಬಿದ್ದಾಗ ಹೋದುದು ಒಕ್ಕಲುತನ ಮಾತ್ರವಲ್ಲ. ಮಗನಿಗೆ ವರಸೆ ಕಲಿಸುವುದಕ್ಕೆ ತಂದೆಗೆ ಇದ್ದ ಕಾರಣವೇ ಹೋಯಿತು. 1831ರ ಜನವರಿಯಲ್ಲಿ ನಂದಗಡದಲ್ಲಿ ರಾಯಣ್ಣನಿಗೆ ಗಲ್ಲಾಯಿತು. ಮುಂದೆ 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದಾಗ ಹಲಗಲಿಯ ಬೇಡರು ಆಯುಧ ಕೊಡಲೊಲ್ಲೆವೆಂದರು, ಊರನ್ನೇ ಕಳೆದುಕೊಂಡರು. ಮರುವರ್ಷ ನರಗುಂದದ ಬಾಬಾಸಾಹೇಬನ ಕಡೆಯವರು ರಾಮದುರ್ಗ ಸೀಮೆಯ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದರು, ಅದಕ್ಕೆ ಪ್ರತಿಯಾಗಿ ಸಂಸ್ಥಾನವೇ ಮುಳುಗಿತು. 1878ರ ಆಯುಧಗಳ ಕಾಯಿದೆಯ ಹೊತ್ತಿಗೆ ಮನೆಯಲ್ಲಿ ಉಳಿದ ಕತ್ತಿ ಪೂಜೆಯ ವಸ್ತುವಾಗಿತ್ತು, ವಿದ್ಯೆಯ ಸಾಧನವಾಗಿರಲಿಲ್ಲ. ಮಹಾನವಮಿಯ ಖಂಡೇಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿ ಮರಳಿ ಒರೆಗೆ ಸೇರಿಸುವುದನ್ನು ಮಾತ್ರ ಮಕ್ಕಳು ಕಂಡರು.

ಯುರೋಪಿನಲ್ಲಿಯೂ ವಿದ್ಯೆ ಸತ್ತಿತು; ಸತ್ತ ರೀತಿ ಬೇರೆ. ಅಲ್ಲಿ 1487ರಲ್ಲಿ ಚಕ್ರವರ್ತಿಯಿಂದ ಸನದು ಪಡೆದ ಖಡ್ಗಶಿಕ್ಷಕರ ಸಂಘವಿತ್ತು; 1570ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ದೊಡ್ಡ ಗ್ರಂಥವನ್ನು ಮುದ್ರಿಸಿದ ಯೋಆಖಿಮ್ ಮೇಯರನು ವೃತ್ತಿಯಿಂದ ಚೂರಿ ಮಾಡುವ ಕಸುಬಿನವನು. ಕಸುಬುದಾರರ ಕೈಯಲ್ಲಿದ್ದುದರಿಂದ ವಿದ್ಯೆಯು ಅಚ್ಚಿನ ಮನೆಗೆ ಹೋಯಿತು, ಮತ್ತು ಮುಂದೆ ಕಣದಲ್ಲಿ ಕತ್ತಿಯ ರೂಪವೇ ಬದಲಾಗಿ ಹಳೆಯ ವರಸೆಯು ಮರೆತುಹೋದ ಮೇಲೂ ಹೊತ್ತಗೆಯು ಕಪಾಟಿನಲ್ಲಿ ಉಳಿಯಿತು. 1885ರಲ್ಲಿ ಎಗರ್ಟನ್ ಕಾಸಲ್ ಆ ಪರಂಪರೆಯ ಚರಿತ್ರೆಯನ್ನು ಬರೆದನು. ಸೇನಾಧಿಕಾರಿ ಆಲ್ಫ್ರೆಡ್ ಹಟನ್ ಅವನೊಡನೆ ಸೇರಿ ಹಳೆಯ ವರಸೆಗಳನ್ನು ಸಭೆಗಳಲ್ಲಿ ಆಡಿ ತೋರಿಸಿದನು. ಕಳೆದ ಶತಮಾನದ ಕೊನೆಯ ದಶಕಗಳಿಂದ ಈಚೆಗೆ ಹಲವು ದೇಶಗಳ ತರುಣರು ಹಸ್ತಪ್ರತಿಗಳನ್ನು ಓದಿ, ಮೊಂಡು ಬಾಯಿಯ ಉಕ್ಕಿನ ಕತ್ತಿಗಳನ್ನು ಮಾಡಿಸಿ, ಮುಖಕವಚ ತೊಟ್ಟು, ಒಂದು ವಾಕ್ಯದ ಅರ್ಥವು ಹೀಗಿರಬಹುದೆಂದು ಊಹಿಸಿ, ಒಪ್ಪದ ಎದುರಾಳಿಯ ಮೇಲೆ ಆ ಊಹೆಯನ್ನು ಪರೀಕ್ಷಿಸಿ ನೋಡುತ್ತಿದ್ದಾರೆ. ಪಾಠಸಂಪಾದನೆಯೂ ವ್ಯಾಯಾಮವೂ ಒಂದಾದ ಈ ಶಾಸ್ತ್ರದಲ್ಲಿ ತಪ್ಪು ಅರ್ಥ ಮಾಡಿದವನಿಗೆ ಕೂಡಲೆ ಪೆಟ್ಟು ಬೀಳುತ್ತದೆ. ನಮ್ಮ ಸಾಹಿತ್ಯವಿಮರ್ಶೆಗೂ ಇಂತಹ ಒಂದು ಏರ್ಪಾಟು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮ ಮೈಯಲ್ಲಿ ಉಳಿದುದೇನು? ಗೊಡಚಿಯ ವೀರಭದ್ರನ ಜಾತ್ರೆಯಲ್ಲಿ ಖಡ್ಗ ಹಿಡಿದು ಒಡಪು ಹೇಳುವ ಪುರವಂತರ ಹೆಜ್ಜೆಯಲ್ಲಿ ಯುದ್ಧದ ವರಸೆಯು ಅಡಗಿದೆಯೆಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ನಾನು ಅಷ್ಟು ದೂರ ಹೋಗಲಾರೆ. ಪುರವಂತಿಕೆಯು ದಕ್ಷಯಜ್ಞದ ಕಥೆಯನ್ನು ಅಭಿನಯಿಸುವ ಆರಾಧನೆ. ಎದುರಾಳಿಯಿಲ್ಲದ ಖಡ್ಗಕ್ಕೆ ತಾಳ ಬೇಕು, ಅಂತರದ ಲೆಕ್ಕ ಬೇಡ. ಅದನ್ನು ಕತ್ತಿವರಸೆಯೆಂದು ಕರೆದರೆ ಎರಡಕ್ಕೂ ಅನ್ಯಾಯ. ಉಳಿದಿರುವುದು ಗರಡಿಮನೆಗಳಲ್ಲಿ, ಮೊಹರಮ್ಮಿನ ಮೆರವಣಿಗೆಗೆ ಬಡಿಗೆ ತಿರುಗಿಸುವ ಹಿರಿಯರ ತೋಳಿನಲ್ಲಿ, ಕುಸ್ತಿಯ ಪಟ್ಟುಗಳೊಡನೆ ದೊಣ್ಣೆಯ ವರಸೆಯನ್ನೂ ಬಲ್ಲ ಒಬ್ಬಿಬ್ಬರು ಮುದಿ ವಸ್ತಾದರಲ್ಲಿ. ಅವರಲ್ಲಿ ಉಳಿದುದು ಪೂರ್ಣವಿದ್ಯೆಯೆಂದು ನಾನು ಹೇಳುತ್ತಿಲ್ಲ. ಆದರೆ ಮೇಯರನ ಗ್ರಂಥವನ್ನು ಮುಂದಿಟ್ಟುಕೊಂಡು ಕುಳಿತ ಯುರೋಪಿನ ತರುಣನು ಕೇಳಲು ಹಂಬಲಿಸುವ ಪ್ರಶ್ನೆಗಳಿಗೆ, ಈ ಕಾಲು ಎತ್ತಿದಾಗ ಭಾರ ಎಲ್ಲಿರಬೇಕು, ಉಸಿರನ್ನು ಎಲ್ಲಿ ಬಿಡಬೇಕು ಎಂಬ ಪ್ರಶ್ನೆಗಳಿಗೆ, ಇವರು ಮಾತಿಲ್ಲದೆ ನಿಂತು ತೋರಿಸಿ ಉತ್ತರ ಕೊಡಬಲ್ಲರು.

ಆದುದರಿಂದ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಶಾಲಾಕಾಲೇಜುಗಳ ಅಧ್ಯಾಪಕರಲ್ಲಿಯೂ ತರುಣರಲ್ಲಿಯೂ ನನ್ನ ಬಿನ್ನಹ ಇಷ್ಟು: ದೇಸಾಯರ ವಾಡೆಗಳಲ್ಲಿಯೂ ದೇವರಮನೆಗಳಲ್ಲಿಯೂ ಇರುವ ಹಳೆಯ ಕತ್ತಿಗಳನ್ನು ಒಡೆಯರ ಅನುಮತಿಯಿಂದ ತೂಗಿ, ಅಳೆದು, ಹಿಡಿಯ ಆಕಾರವನ್ನೂ ಅಲಗಿನ ಮುದ್ರೆಯನ್ನೂ ಬರೆದಿಡಿರಿ, ಉಜ್ಜಿ ಹೊಳಪು ಕೊಡಬೇಡಿರಿ, ಮುದ್ರೆ ಅಳಿಯುತ್ತದೆ. ವರಸೆ ಬಲ್ಲ ಹಿರಿಯರ ಬಳಿಗೆ ಹೋಗಿ, ಒಂದೊಂದು ನಿಲವಿಗೂ ಅವರು ಹೇಳುವ ಹೆಸರನ್ನು ಅವರ ಬಾಯಿಯ ಕನ್ನಡದಲ್ಲಿಯೇ, ತಿದ್ದದೆ, ಸಂಸ್ಕೃತಕ್ಕೆ ಏರಿಸದೆ ಬರೆದುಕೊಳ್ಳಿರಿ. ಕಾಲಿನ ಗುರುತನ್ನು ನೆಲದ ಮೇಲೆ ಸುಣ್ಣದಿಂದ ಎಳೆದು ಅದರ ಚಿತ್ರವನ್ನು ತೆಗೆಯಿರಿ. ಇದನ್ನು ಮಾಡುವುದಕ್ಕೆ ಪಾಂಡಿತ್ಯವೂ ಹಣವೂ ಹೆಚ್ಚಾಗಿ ಬೇಡ. ಹಿರಿಯರು ಬದುಕಿರುವಾಗ ಮಾಡಬೇಕು.